ಕಡಲಿಲ್ಲದ ಊರಲ್ಲಿ ಕಡಲು ಬದಲಿಸುವುದು

ಜನವರಿಯ ಒಂದು ಶನಿವಾರ ರಾತ್ರಿ. ದೆಹಲಿಯ ದ್ವಾರಕಾದಲ್ಲೋ, ಗಾಜಿಯಾಬಾದಿನ ಇಂದಿರಾಪುರಂನಲ್ಲೋ ಏಳನೇ ಮಹಡಿಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಹೊರಗೆ ಮಂಜು ಕವಿದು ಎದುರಿನ ಕಟ್ಟಡವೇ ಮಾಯವಾಗಿದೆ. ಬಾಲ್ಕನಿಯಲ್ಲಿ, ಬಟ್ಟೆ ಒಣಗಿಸುವ ಸ್ಟ್ಯಾಂಡು ಮಡಚಿಟ್ಟು ಮಾಡಿಕೊಂಡ ಜಾಗದಲ್ಲಿ ನೀಲಿ ಪ್ಲಾಸ್ಟಿಕ್ ಡ್ರಮ್ಮು ನಿಂತಿದೆ. ಅದರ ತಳದಲ್ಲಿ ಮುಷ್ಟಿಗಾತ್ರದ ಪಂಪೊಂದು ಗುಂಯ್‌ಗುಡುತ್ತ ನೀರನ್ನು ಸುತ್ತಿಸುತ್ತಿದೆ. ಮನೆಯ ಯಜಮಾನ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದ ಬಿಳಿಪುಡಿಯನ್ನು ಲೋಟ ಲೋಟವಾಗಿ, ನಡುವೆ ಬಿಡುವು ಕೊಡುತ್ತ ಸುರಿಯುತ್ತಿದ್ದಾನೆ. ನೀರು ಮೊದಲು ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ತಿರುಗುತ್ತದೆ, ಕೆಲ ಗಂಟೆಗಳಲ್ಲಿ ತಿಳಿಯಾಗುತ್ತದೆ. ಬೆಳಗಾಗುವಷ್ಟರಲ್ಲಿ ಡ್ರಮ್ಮಿನಲ್ಲಿ ಇರುವುದು ಸಮುದ್ರ.

‘ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ’ ಎಂಬ ನಮ್ಮ ಗಾದೆ ಇಲ್ಲಿಗೆ ಬಂದರೆ ತಲೆಕೆಳಗಾಗುತ್ತದೆ. ದೆಹಲಿಗೆ ಉಪ್ಪಿನ ಬಡತನವಿಲ್ಲ, ಪಕ್ಕದ ರಾಜಸ್ಥಾನದಲ್ಲೇ ಸಾಂಭರ್ ಸರೋವರವಿದೆ. ಇಲ್ಲದ್ದು ನೆಂಟಸ್ತನ. ಹತ್ತಿರದ ಕಡಲೆಂದರೆ ಕಛ್ ಕಡೆಯದು, ಅದೂ ಸುಮಾರು ಸಾವಿರ ಕಿಲೋಮೀಟರ್ ದೂರ. ಆದರೂ ರಾಜಧಾನಿ ವಲಯದ ಕೆಲವು ಮನೆಗಳಲ್ಲಿ, ಸೋಫಾದ ಪಕ್ಕದಲ್ಲಿ, ಕೋಡಂಗಿ ಮೀನು ಎಂದು ಮಕ್ಕಳು ಕರೆಯುವ ಕಿತ್ತಳೆ ಪಟ್ಟೆಯ ಮೀನುಗಳು ಹವಳದ ನಡುವೆ ಈಜಾಡುತ್ತವೆ. ಅವುಗಳ ಕಡಲು ಒಡೆಯನ ಕೈಯಿಂದಲೇ ತಯಾರಾದದ್ದು. ಆಗಾಗ ಅದನ್ನು ಬದಲಿಸುವುದೂ ಅವನದೇ ಕೆಲಸ. ಒಂದು ಬಕೆಟ್ ಬದಲಿಸುವುದು ದೊಡ್ಡ ಮಾತಲ್ಲ. ಅರ್ಧ ತೊಟ್ಟಿ ಬದಲಿಸುವ ದಿನ ಮಾತ್ರ ಅನುಭವಸ್ಥರೂ ಉಸಿರು ಬಿಗಿಹಿಡಿದು ಕೆಲಸ ಮಾಡುತ್ತಾರೆ.

ಯಾಕೆ ಬದಲಿಸಬೇಕು? ಮೀನಿಗೆ ಹಾಕಿದ ಆಹಾರ ಕೊನೆಗೆ ನೈಟ್ರೇಟ್ ಮತ್ತು ಫಾಸ್ಫೇಟ್ ಆಗಿ ನೀರಿನಲ್ಲೇ ಉಳಿಯುತ್ತದೆ. ಅತ್ತ ಹವಳ ತನ್ನ ಅಸ್ಥಿಪಂಜರ ಕಟ್ಟಿಕೊಳ್ಳಲು ಕ್ಯಾಲ್ಸಿಯಂ, ಕಾರ್ಬೋನೇಟ್‌ಗಳನ್ನು ಹೀರುತ್ತ ಹೋಗುತ್ತದೆ. ಬೇಡದ್ದು ಏರುತ್ತದೆ, ಬೇಕಾದದ್ದು ಇಳಿಯುತ್ತದೆ. ನೀರು ಬದಲಿಸಿದರೆ ಎರಡೂ ಒಂದೇ ಏಟಿಗೆ ಸರಿದಾರಿಗೆ ಬರುತ್ತವೆ.

ಲೆಕ್ಕಕ್ಕೆ ಒಂದು ತೊಟ್ಟಿ ಇಟ್ಟುಕೊಳ್ಳೋಣ. ನಾಲ್ಕಡಿ ಉದ್ದದ ಗಾಜಿನ ತೊಟ್ಟಿ, ಅದರ ಕೆಳಗಿನ ಕಪಾಟಿನಲ್ಲಿ ಒಂದು ಸಂಪ್. (ಬೆಂಗಳೂರಿನವರಿಗೆ ಸಂಪು ಎಂದರೆ ಗೇಟಿನ ಬಳಿ ಕಬ್ಬಿಣದ ಮುಚ್ಚಳ ಹೊದ್ದು ನೆಲದಡಿ ಇರುವಂಥದ್ದು. ಇಲ್ಲಿಯದು ನೊರೆಯ ಜೊತೆ ಕೊಳೆ ತೆಗೆಯುವ ಸ್ಕಿಮ್ಮರ್, ಹೀಟರ್, ಪಂಪುಗಳನ್ನು ಅಡಗಿಸಿಡುವ ಇನ್ನೊಂದು ಗಾಜಿನ ಪೆಟ್ಟಿಗೆ.) ಕಲ್ಲು, ಮರಳು ಆಕ್ರಮಿಸಿದ ಜಾಗ ಕಳೆದರೆ ಒಟ್ಟು ನೀರು 250 ಲೀಟರ್. ನೈಟ್ರೇಟ್ ಲೀಟರಿಗೆ 80 ಮಿಲಿಗ್ರಾಂಗೆ ಏರಿದೆ ಎನ್ನಿ. ವಾರಕ್ಕೆ 10 ಶೇಕಡಾದಂತೆ ಐದು ವಾರ ಬದಲಿಸಿದರೆ ಅದು 47ಕ್ಕೆ ಇಳಿಯುತ್ತದೆ. ಏಕೆಂದರೆ ಎರಡನೇ ವಾರದಿಂದ ಚೆಲ್ಲುವ ಹಳೆ ನೀರಿನಲ್ಲಿ ಹಿಂದಿನ ವಾರ ಸುರಿದ ಹೊಸ ನೀರೂ ಒಂದಿಷ್ಟು ಸೇರಿರುತ್ತದೆ. ಅಷ್ಟೇ ನೀರನ್ನು ಒಂದೇ ಸಲಕ್ಕೆ, ಅಂದರೆ ಅರ್ಧ ತೊಟ್ಟಿಯನ್ನು, ಬದಲಿಸಿದರೆ ನೇರ 40. ದೊಡ್ಡ ಬದಲಾವಣೆ ನೀರನ್ನೂ ಉಪ್ಪನ್ನೂ ಉಳಿಸುತ್ತದೆ ಎಂಬುದು ಗಣಿತ. ಹವಳಕ್ಕೆ ಗಣಿತ ಬಾರದು ಎಂಬುದು ತೊಂದರೆ.

ಅಂದಹಾಗೆ, ಕಡಲಿಲ್ಲದ ಊರಲ್ಲಿ ಕಡಲು ಮಾಡಿಕೊಳ್ಳುವ ಹುಚ್ಚು ದೆಹಲಿಯವರದೇನೂ ಅಲ್ಲ. 1853ರಲ್ಲಿ ಲಂಡನ್ನಿನ ಮೃಗಾಲಯ ಸಾರ್ವಜನಿಕರಿಗಾಗಿ ಮೀನುಮನೆ ತೆರೆದಾಗ ಒಳನಾಡಿನ ಉತ್ಸಾಹಿಗಳಿಗೆ ಸಮುದ್ರದ ನೀರು ಎಲ್ಲಿಂದ ತರುವುದು ಎಂಬ ಚಿಂತೆ ಹತ್ತಿತು. ಮರುವರ್ಷವೇ ನಿಸರ್ಗತಜ್ಞ ಫಿಲಿಪ್ ಹೆನ್ರಿ ಗಾಸ್ ಅಡುಗೆ ಉಪ್ಪು, ಎಪ್ಸಮ್ ಉಪ್ಪು, ಮೆಗ್ನೀಷಿಯಂ ಕ್ಲೋರೈಡ್, ಪೊಟ್ಯಾಸಿಯಂ ಕ್ಲೋರೈಡ್ ಎಂಬ ನಾಲ್ಕೇ ಸಾಮಾನುಗಳಿಂದ ಕೃತಕ ಕಡಲನೀರು ಮಾಡುವ ಪಾಕ ಪ್ರಕಟಿಸಿದ. ಇನ್ನು ಷಿಕಾಗೋದ ಶೆಡ್ ಅಕ್ವೇರಿಯಂನವರು ಪಾಕದ ಗೋಜಿಗೇ ಹೋಗಲಿಲ್ಲ. 1930ರಲ್ಲಿ 20 ರೈಲ್ವೆ ಟ್ಯಾಂಕರುಗಳನ್ನು ಫ್ಲಾರಿಡಾದ ಕೀ ವೆಸ್ಟ್‌ಗೆ ಎಂಟು ಸಲ ಓಡಿಸಿ ಹತ್ತು ಲಕ್ಷ ಗ್ಯಾಲನ್ ಅಸಲಿ ಸಮುದ್ರವನ್ನೇ ತರಿಸಿದರು. ಮುಂಬೈಯ ತಾರಾಪೊರೆವಾಲಾ ಅಕ್ವೇರಿಯಂಗೆ ಈ ಚಿಂತೆ ಇರಲಿಲ್ಲ, ಮರೀನ್ ಡ್ರೈವ್ ದಾಟಿದರೆ ಅರಬ್ಬಿ ಸಮುದ್ರ. ಹಾಗೆಂದು ಕಡಲತೀರದಲ್ಲಿದ್ದರೆ ಸಾಕು ಎಂದುಕೊಳ್ಳುವಂತೆಯೂ ಇಲ್ಲ. ಜುಲೈಯಲ್ಲಿ ನೇತ್ರಾವತಿ ತುಂಬಿ ಬರುವಾಗ ಮಂಗಳೂರಿನ ಅಳಿವೆ ಬಾಗಿಲಲ್ಲಿ ಕೊಡ ಅದ್ದಿದವರಿಗೆ ಸಿಗುವುದು ಉಪ್ಪು ಕಮ್ಮಿಯಾದ ಕೆಂಪು ನೀರು, ಹವಳಕ್ಕೆ ಒಗ್ಗುವ ಕಡಲಲ್ಲ.

ಇವತ್ತು ಅಂಗಡಿಯಲ್ಲಿ ಸಿಗುವ ಮರೈನ್ ಸಾಲ್ಟ್ ಡಬ್ಬಿ ಗಾಸ್‌ನ ಪಾಕದ ಮೊಮ್ಮಗ. ಸಮುದ್ರದ ಒಂದು ಕಿಲೋ ನೀರಿನಲ್ಲಿ ಸರಾಸರಿ 35 ಗ್ರಾಂ ಲವಣ ಕರಗಿರುತ್ತದೆ. ಇದರಲ್ಲಿ ಸೋಡಿಯಂ, ಕ್ಲೋರೈಡ್ ಎರಡೇ ಸುಮಾರು 86 ಶೇಕಡಾ. ಉಳಿದ 14 ಶೇಕಡಾದಲ್ಲಿ ಸಲ್ಫೇಟು, ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮತ್ತಿತರವು. ಹವಳದ ಬದುಕು ನಿಂತಿರುವುದು ಈ ಸಣ್ಣ ಪಾಲಿನ ಮೇಲೆ, ಹಾಗಾಗಿ ಅಡುಗೆ ಉಪ್ಪು ಕರಗಿಸಿ ಕೆಲಸ ಮುಗಿಸಲು ಬರುವುದಿಲ್ಲ. 1872ರಿಂದ 1876ರವರೆಗೆ ಭೂಮಿ ಸುತ್ತಿದ ಚಾಲೆಂಜರ್ ಹಡಗು ಹೊತ್ತು ತಂದ 77 ನೀರಿನ ಮಾದರಿಗಳನ್ನು ವಿಲಿಯಂ ಡಿಟ್‌ಮಾರ್ ಪರೀಕ್ಷಿಸಿದಾಗ ಒಂದು ಸಂಗತಿ ಗಟ್ಟಿಯಾಯಿತು: ಯಾವ ಸಾಗರದ ನೀರಾದರೂ ಉಪ್ಪು ಹೆಚ್ಚುಕಮ್ಮಿ ಇರಬಹುದು, ಮುಖ್ಯ ಲವಣಗಳ ಪರಸ್ಪರ ಪ್ರಮಾಣ ಮಾತ್ರ ಬಹುಮಟ್ಟಿಗೆ ಒಂದೇ. ಕೋಟ್ಯಂತರ ವರ್ಷ ಈ ಸ್ಥಿರತೆಯಲ್ಲೇ ಬೆಳೆದ ಜೀವಿಗೆ ಏರುಪೇರು ಸಹಿಸುವ ಅಭ್ಯಾಸ ಬಂದಿಲ್ಲ.

ದೊಡ್ಡ ಬದಲಾವಣೆಯ ಅಪಾಯದ ಮೂಲ ಇದು. ಬದಲಿಸಿದ ನೀರಿನ ಪ್ರಮಾಣಕ್ಕಿಂತ, ಹೊಸ ನೀರಿಗೂ ಹಳೆಯದಕ್ಕೂ ಇರುವ ಅಂತರ ಹವಳವನ್ನು ಕೊಲ್ಲುತ್ತದೆ. ಎರಡೂ ಅವಳಿಗಳಂತಿದ್ದರೆ ಮುಕ್ಕಾಲು ತೊಟ್ಟಿ ಬದಲಿಸಿದರೂ ಮೀನು ಕಣ್ಣು ಪಿಳುಕಿಸದು (ಮೀನಿಗೆ ರೆಪ್ಪೆಯೇ ಇಲ್ಲ ಎಂಬುದು ಬೇರೆ ಮಾತು). ಅಂತರವಿದ್ದರೆ, ಬದಲಿಸಿದ ಪ್ರಮಾಣ ಅದನ್ನು ಗುಣಿಸುತ್ತ ಹೋಗುತ್ತದೆ. ದೆಹಲಿಯಲ್ಲಿ ಈ ಅಂತರ ತಂದಿಡಲು ಇಡೀ ಊರೇ ಸಂಚು ಹೂಡಿದಂತಿದೆ: ಹವಾಮಾನ, ನಲ್ಲಿ, ಗಾಳಿ, ಕರೆಂಟು.

ಚಳಿಯಿಂದ ಶುರುಮಾಡೋಣ. ಜನವರಿಯಲ್ಲಿ ಬಾಲ್ಕನಿಯ ಡ್ರಮ್ಮಿನ ನೀರು 15 ಡಿಗ್ರಿ, ತೊಟ್ಟಿಯದು 26. ಹತ್ತು ಶೇಕಡಾ ಬದಲಿಸಿದರೆ ತೊಟ್ಟಿ 25ರ ಹತ್ತಿರಕ್ಕೆ ಬರುತ್ತದೆ, ಯಾರಿಗೂ ಗೊತ್ತಾಗದು. ಅರ್ಧ ಬದಲಿಸಿದರೆ 20.5. ಉಷ್ಣವಲಯದ ಹವಳಕ್ಕೆ ಇದು ಒಂದೇ ಗಂಟೆಯಲ್ಲಿ ಕಾರವಾರದಿಂದ ಕುಫ್ರಿಗೆ ಹೋದ ಹಾಗೆ. 125 ಲೀಟರನ್ನು 15ರಿಂದ 26ಕ್ಕೆ ಏರಿಸಲು 300 ವ್ಯಾಟ್ ಹೀಟರ್ ಐದು ಗಂಟೆಗೂ ಮೀರಿ ಒಂದೇ ಸಮನೆ ಉರಿಯಬೇಕು, ಡ್ರಮ್ಮಿನಿಂದ ಸೋರಿಹೋಗುವ ಶಾಖ ಬೇರೆ. ಹಾಗಾಗಿ ಹೀಟರ್ ಹಿಂದಿನ ರಾತ್ರಿಯೇ ಬೀಳಬೇಕು. ಕುದಿಸಿದ ಪಾತ್ರೆಯ ನೀರು ಸುರಿದು ಅವಸರ ಮಾಡುವವರುಂಟು. ಬಿಸಿನೀರಿನಲ್ಲಿ ಮರೈನ್ ಸಾಲ್ಟ್ ಬೆರೆಸಿದರೆ ಕ್ಯಾಲ್ಸಿಯಂ ಕಾರ್ಬೋನೇಟ್ ಸುಣ್ಣವಾಗಿ ಡ್ರಮ್ಮಿನ ಗೋಡೆಗೆ ಅಂಟಿ ಕೂರುತ್ತದೆ. ಅದೇ ಕಾರಣಕ್ಕೆ ಉಪ್ಪಿನ ರಾಶಿಯ ಮೇಲೆ ನೀರು ಬಿಡುವುದೂ ತಪ್ಪು. ನೀರು ಮೊದಲು, ಉಪ್ಪು ಆಮೇಲೆ, ಅದೂ ಸ್ವಲ್ಪ ಸ್ವಲ್ಪವಾಗಿ.

ಮೇ ತಿಂಗಳಲ್ಲಿ ಕಥೆ ಉಲ್ಟಾ. 2024ರ ಮೇ 29ರಂದು ದೆಹಲಿಯ ಮುಂಗೇಶಪುರದ ಮಾಪಕ 52.9 ಡಿಗ್ರಿ ತೋರಿಸಿ ದೇಶವೇ ಹೌಹಾರಿತ್ತು. ಆಮೇಲೆ ಅದು ಸಂವೇದಕದ ದೋಷ, ಅಂಕಿ ಮೂರು ಡಿಗ್ರಿಯಷ್ಟು ಹೆಚ್ಚಾಗಿತ್ತು ಎಂದು ಹವಾಮಾನ ಇಲಾಖೆ ಹೇಳಿತು. ಮೂರು ಕಳೆದರೂ ಉಳಿದದ್ದೇನೂ ತಂಪಲ್ಲ. ತಾರಸಿಯ ಕಪ್ಪು ಟ್ಯಾಂಕಿನ ನೀರು ಮಧ್ಯಾಹ್ನ ಸ್ನಾನಕ್ಕೂ ಆಗದಷ್ಟು ಸುಡುವ ದಿನಗಳವು. ಸಹಜ ಹವಳದಿಬ್ಬದಲ್ಲಿ ಬೇಸಿಗೆಯ ಗರಿಷ್ಠ ಉಷ್ಣತೆಗಿಂತ ಒಂದೇ ಡಿಗ್ರಿ ಹೆಚ್ಚು ಕೆಲವು ವಾರ ನಿಂತರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಅಂಥ ಜೀವಿಯ ಮೇಲೆ 38 ಡಿಗ್ರಿಯ ನೀರು ಸುರಿಯುವುದೆಂದರೆ ಕಷಾಯ ಕಾಸಿದ ಹಾಗೆಯೇ. ಬೇಸಿಗೆಯಲ್ಲಿ ಡ್ರಮ್ಮು ಬಾಲ್ಕನಿಯಿಂದ ಎಸಿ ಕೋಣೆಗೆ ಬರುತ್ತದೆ, ಮನೆಮಂದಿಯ ಗೊಣಗಾಟದ ನಡುವೆ.

ಎರಡನೆಯದು ಉಪ್ಪು. ಹೊಸ ನೀರು 35ರ ಬದಲು 30ಕ್ಕೆ ಬೆರೆತಿದ್ದರೆ ಅರ್ಧ ಬದಲಾವಣೆಯ ನಂತರ ತೊಟ್ಟಿ 32.5ಕ್ಕೆ ಬೀಳುತ್ತದೆ. ಮೀನು ಹೇಗೋ ತಡೆದುಕೊಳ್ಳಬಹುದು. ಸೀಗಡಿ, ನಕ್ಷತ್ರಮೀನು, ಶಂಖದ ಹುಳುಗಳಿಗೆ ದೇಹದ ಉಪ್ಪನ್ನು ಬೇಗ ಹೊಂದಿಸಿಕೊಳ್ಳುವ ಏರ್ಪಾಡಿಲ್ಲ. ಅಳೆಯಲು ರಿಫ್ರಾಕ್ಟೋಮೀಟರ್ ಇದ್ದೇ ಇರುತ್ತದೆ, ಆದರೆ ಅದನ್ನು ಬರಿ ಶುದ್ಧ ನೀರಿನಲ್ಲಿ ಸೊನ್ನೆಗೆ ಕೂರಿಸಿದರೆ ಸಾಲದು, 35ರ ಬಳಿ ಸರಿಯಿದೆಯೇ ನೋಡಬೇಕು. ಅಗ್ಗದ ಎಷ್ಟೋ ಮಾಪಕಗಳು ತಯಾರಾಗಿರುವುದು ಬರಿ ಉಪ್ಪುನೀರಿಗೆ, ಕಡಲನೀರಿಗಲ್ಲ. ಹವ್ಯಾಸಿಗಳ ನಡುವೆ ಹೆಸರಾದ ಅಮೆರಿಕದ ರಸಾಯನಶಾಸ್ತ್ರಜ್ಞ ರ‍್ಯಾಂಡಿ ಹೋಮ್ಸ್-ಫಾರ್ಲಿ ಇದಕ್ಕೊಂದು ಮನೆಮದ್ದು ಹೇಳಿಕೊಟ್ಟಿದ್ದಾರೆ. 36.5 ಗ್ರಾಂ ಅಡುಗೆ ಉಪ್ಪನ್ನು 963.5 ಗ್ರಾಂ ಶುದ್ಧ ನೀರಿನಲ್ಲಿ ಕರಗಿಸಿದರೆ ಬೆಳಕು ಅದರಲ್ಲಿ ಬಾಗುವ ಬಗೆ 35ರ ಕಡಲನೀರಿನಲ್ಲಿ ಬಾಗುವಂತೆಯೇ ಇರುತ್ತದೆ. ಅದರ ಒಂದು ಹನಿಯನ್ನು ಮಾಪಕದ ಗಾಜಿನ ಮೇಲೆ ಬಿಟ್ಟು ನೋಡಿ, ಗೆರೆ 35ರಲ್ಲಿ ನಿಲ್ಲದಿದ್ದರೆ ತಿರುಪು ತಿರುಗಿಸಿದರಾಯಿತು. ಹತ್ತು ನಿಮಿಷದ ಈ ಕೆಲಸವನ್ನು ವರ್ಷಗಟ್ಟಲೆ ಮಾಡದೆ, ಉಪ್ಪಿನ ಕಂಪನಿಯನ್ನು ಬೈಯುವವರೇ ಹೆಚ್ಚು.

ಮೂರನೆಯದು ಕಣ್ಣಿಗೆ ಕಾಣದ ಕ್ಷಾರೀಯತೆ, ಹವ್ಯಾಸಿಗಳ ಬಾಯಲ್ಲಿ ‘ಆಲ್ಕ್’. ಸಹಜ ಕಡಲಲ್ಲಿ ಇದು, ಡಿಕೆಎಚ್ ಎಂಬ ಅಳತೆಯಲ್ಲಿ, ಸುಮಾರು 7. ಬೇಗ ಬೆಳೆಯಲೆಂದು ಕೆಲವು ಉಪ್ಪಿನ ಮಿಶ್ರಣಗಳಲ್ಲಿ ಇದನ್ನು 11-12ರವರೆಗೆ ಏರಿಸಿರುತ್ತಾರೆ. ತೊಟ್ಟಿಯಲ್ಲಿ 7.5 ಇದ್ದು ಹೊಸ ನೀರಿನಲ್ಲಿ 11 ಇದ್ದರೆ ಅರ್ಧ ಬದಲಾವಣೆಯಲ್ಲಿ ಅದು 9.25ಕ್ಕೆ ಹಾರುತ್ತದೆ. ದಿನಕ್ಕೆ ಒಂದಕ್ಕಿಂತ ಹೆಚ್ಚು ಏರಿಸಬಾರದು ಎಂಬುದು ಹವಳ ಸಾಕುವವರ ರೂಢಿಯ ಎಚ್ಚರ. ಮೀರಿದರೆ ಕವಲುಹವಳದ ತುದಿಗಳು ಸುಟ್ಟಂತೆ ಬೆಳ್ಳಗಾಗುತ್ತವೆ. ಉಪಾಯ ಕಷ್ಟದ್ದಲ್ಲ: ಹೊಸ ನೀರನ್ನೂ ಪರೀಕ್ಷಿಸುವುದು, ಅಂತರ ಕಂಡರೆ ವಾರ ಮೊದಲಿನಿಂದ ತೊಟ್ಟಿಯ ಕ್ಷಾರೀಯತೆಯನ್ನೇ ನಿಧಾನ ಏರಿಸಿ ಹೊಸ ನೀರಿನ ಮಟ್ಟಕ್ಕೆ ತರುವುದು.

ಇಷ್ಟೆಲ್ಲ ಆಗುವುದು ಶುದ್ಧ ನೀರು ಸಿಕ್ಕಮೇಲೆ. ದೆಹಲಿಯಲ್ಲಿ ತಕರಾರು ಅಲ್ಲಿಂದಲೇ ಶುರು.

ಹರಿಯಾಣದ ಕೈಗಾರಿಕಾ ತ್ಯಾಜ್ಯ, ಊರುಗಳ ಕೊಳಚೆ ಸೇರಿ ಚಳಿಗಾಲದಲ್ಲಿ ಯಮುನೆಯ ಅಮೋನಿಯಾ ಏರುತ್ತದೆ, ಆಗ ನದಿಯಲ್ಲಿ ಹರಿವೂ ಕಮ್ಮಿ. ವಜೀರಾಬಾದ್, ಚಂದ್ರಾವಲ್ ಶುದ್ಧೀಕರಣ ಘಟಕಗಳು ನಿಭಾಯಿಸಬಲ್ಲದ್ದು ಸುಮಾರು 1 ಪಿಪಿಎಂ ತನಕ. ಅದು ದಾಟಿದರೆ ಉತ್ಪಾದನೆ ತಗ್ಗಿಸುತ್ತಾರೆ, ಇಲ್ಲವೇ ನಿಲ್ಲಿಸುತ್ತಾರೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ ಇಟ್ಟಿರುವ ಮಿತಿ 0.5. 2025ರ ಜನವರಿಯಲ್ಲಿ ವಿಧಾನಸಭೆ ಚುನಾವಣೆಯ ಹೊತ್ತಿಗೆ ಈ ಅಮೋನಿಯಾ ಚುನಾವಣಾ ಆಯೋಗದ ನೋಟಿಸಿನವರೆಗೂ ಹೋದ ರಾಜಕೀಯ ಜಗಳವಾಯಿತು. ಹವಳ ಸಾಕುವವನಿಗೆ ಇದು ಪಕ್ಷದ ವಿಷಯವಲ್ಲ, ಫಿಲ್ಟರಿನ ವಿಷಯ. ಅಮೋನಿಯಾ ಇರುವ ನೀರಿಗೆ ಕ್ಲೋರಿನ್ ಬಿದ್ದರೆ ಕ್ಲೋರಮೈನ್ ಹುಟ್ಟುತ್ತದೆ. ಅದು ಕ್ಲೋರಿನ್ನಿನಂತೆ ಬಕೆಟ್ಟಿನಲ್ಲಿ ಒಂದು ರಾತ್ರಿ ಇಟ್ಟ ಮಾತ್ರಕ್ಕೆ ಹಾರಿಹೋಗುವುದಿಲ್ಲ. ಇದ್ದಿಲಿನ ಫಿಲ್ಟರು ಅದನ್ನು ಒಡೆಯಬಲ್ಲದು, ಒಡೆದಾಗ ಮತ್ತೆ ಅಮೋನಿಯಾ ಹೊರಬೀಳುತ್ತದೆ. ಅದರಲ್ಲಿ ಒಂದಂಶ ಆರ್‌ಒ ಪೊರೆಯನ್ನೂ ದಾಟಿಬಿಡಬಹುದು. ಕೊನೆಗೆ ಹಿಡಿದು ನಿಲ್ಲಿಸುವುದು ಡಿಅಯಾನೈಸೇಶನ್ ರೆಸಿನ್, ಹವ್ಯಾಸಿಗಳ ಭಾಷೆಯಲ್ಲಿ ‘ಡಿಐ’.

ನದಿ ದಾಟಿದರೆ ನೀರೂ ಬೇರೆ. ನೋಯ್ಡಾಕ್ಕೆ ಗಂಗಾಜಲ ಮತ್ತು ಅಂತರ್ಜಲ ಬೆರೆತು ಬರುತ್ತದೆ. ಮೇಲ್ಗಂಗಾ ಕಾಲುವೆಯನ್ನು ಹೂಳೆತ್ತಲು ಪ್ರತಿವರ್ಷ ದಸರಾ ಆಸುಪಾಸಿನಲ್ಲಿ ಮುಚ್ಚುವುದರಿಂದ ಹಬ್ಬದ ದಿನಗಳಲ್ಲಿ ನಲ್ಲಿಯ ನೀರಿನ ಗುಣವೇ ಬದಲಾದೀತು. ಕೊಳವೆಬಾವಿ ನಂಬಿದ ವಸತಿ ಸಮುಚ್ಚಯಗಳ ಗಡಸು ನೀರಿನ ಪರಿಚಯ ಅಲ್ಲಿಯ ಗೀಸರುಗಳಿಗೆ ಚೆನ್ನಾಗಿಯೇ ಇದೆ. ಆವಿಯಾದ ನೀರಿನ ಬದಲು ದಿನಕ್ಕೆ ನಾಲ್ಕು ಲೀಟರು ಇಂಥ 500 ಟಿಡಿಎಸ್ (ಲೀಟರಿನಲ್ಲಿ ಕರಗಿದ ಲವಣ, ಮಿಲಿಗ್ರಾಂನಲ್ಲಿ) ನೀರನ್ನೇ ಸುರಿಯುತ್ತ ಬಂದರೆ ವರ್ಷಕ್ಕೆ 730 ಗ್ರಾಂ ಬೇಡದ ಲವಣ ತೊಟ್ಟಿಯಲ್ಲಿ ಜಮೆಯಾಗುತ್ತದೆ. ಆವಿಯಾಗುವುದು ನೀರೊಂದೇ.

ಹಾಗಾದರೆ ಅಡುಗೆಮನೆಯ ಆರ್‌ಒ ಸಾಲದೇ? ಸಾಲದು, ಅದೂ ಒಂದು ವಿಚಿತ್ರ ಕಾರಣಕ್ಕೆ. ರುಚಿಗೆಂದು ಅದರಲ್ಲಿ ಖನಿಜದ ಕಾರ್ಟ್ರಿಜ್ಜೋ, ಒಂದಿಷ್ಟು ಕಚ್ಚಾ ನೀರನ್ನೇ ಬೆರೆಸುವ ಟಿಡಿಎಸ್ ಕಂಟ್ರೋಲರೋ ಇರುತ್ತದೆ. ಪೊರೆ ತೆಗೆದದ್ದನ್ನು ಪಕ್ಕದ ನಳಿಗೆ ಮತ್ತೆ ಸೇರಿಸುತ್ತದೆ! ಹವಳದವರು ಅದನ್ನು ಕಳಚಿ, ಕೊನೆಯಲ್ಲಿ ಡಿಐ ಜೋಡಿಸಿ, ಟಿಡಿಎಸ್ ಪೆನ್ನು ಸೊನ್ನೆ ತೋರಿಸುವ ತನಕ ಬಿಡುವುದಿಲ್ಲ. ದಿನಕ್ಕೆ 75 ಗ್ಯಾಲನ್ ಎಂದು ಬರೆದಿರುವ ಪೊರೆಗೆ 125 ಲೀಟರ್ ಕೊಡಲು ಹತ್ತೂವರೆ ಗಂಟೆ ಸಾಕು, ಅದೂ 25 ಡಿಗ್ರಿಯ ನೀರಿಗೆ. ಜನವರಿಯ 12 ಡಿಗ್ರಿ ನೀರಿನಲ್ಲಿ ಅದಕ್ಕೆ ಹದಿನಾರು ಗಂಟೆಯೇ ಬೇಕಾದೀತು. ಇನ್ನು ಒಂದು ಪಾಲು ಒಳ್ಳೆಯ ನೀರಿಗೆ ಮೂರು ಪಾಲು ಹೊರಹೋದರೆ 125 ಲೀಟರಿಗೆ 375 ಲೀಟರ್ ಮೋರಿಗೆ. ಟಿಡಿಎಸ್ 500ಕ್ಕಿಂತ ಕಮ್ಮಿ ಇರುವಲ್ಲಿ ಆರ್‌ಒ ನಿಷೇಧಿಸಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಸರ್ಕಾರಕ್ಕೆ ಹೇಳಿದ್ದು ಈ ಪೋಲು ಕಂಡೇ. ಜೂನ್‌ನಲ್ಲಿ ಟ್ಯಾಂಕರಿಗಾಗಿ ಇದೇ ನೀಲಿ ಡ್ರಮ್ಮುಗಳ ಸಾಲು ನಿಲ್ಲುವ ಊರಿದು. ಹೊರಹೋಗುವ ನೀರನ್ನು ನೆಲ ಒರೆಸಲು, ಫ್ಲಶ್ಶಿಗೆ ಹಿಡಿದಿಡದವನು ಹವಳ ಸಾಕುವುದು ಬೇಡ ಎಂದರೆ ಅತಿಯಾಗಲಾರದು. ಹಿಡಿದಿಟ್ಟ ಡ್ರಮ್ಮಿಗೆ ಮುಚ್ಚಳವಂತೂ ಬೇಕು. ಡೆಂಗಿ ಕಾಲದಲ್ಲಿ ಪಾಲಿಕೆಯ ತಪಾಸಣೆಯವರು ಕೂಲರ್ ಇಣುಕುವಾಗ ಇದನ್ನೂ ಇಣುಕುತ್ತಾರೆ, ಲಾರ್ವಾ ಕಂಡರೆ ಚಲನ್.

ಮತ್ತೆ ನಮ್ಮ ಏಳನೇ ಮಹಡಿಯ ಮನೆಗೆ ಬರೋಣ, ಈಗ ಭಾನುವಾರ ಬೆಳಗ್ಗೆ. ಡ್ರಮ್ಮಿನ ನೀರು ರಾತ್ರಿಯೆಲ್ಲ ಸುತ್ತಿ, ಉಸಿರಾಡಿ ತಿಳಿಯಾಗಿದೆ. ಉಷ್ಣತೆ 26, ಲವಣಾಂಶ 35. ಮೊದಲ ಕೆಲಸ ಸ್ವಿಚ್ಚುಗಳದು. ಹೀಟರ್ ಆರಿಸಬೇಕು, ನೀರಿಳಿದು ಬಿಸಿ ಗಾಜು ಗಾಳಿಗೆ ಬಂದರೆ ಒಡೆಯುತ್ತದೆ. ಸ್ಕಿಮ್ಮರ್, ಮೇಲೆತ್ತುವ ಪಂಪು ಆರಿಸಬೇಕು. ಎಲ್ಲರೂ ಮರೆಯುವುದು ಒಂದನ್ನು: ಆವಿಯಾದ ನೀರನ್ನು ತಾನೇ ತುಂಬಿಕೊಡುವ ಆಟೋ ಟಾಪ್-ಆಫ್. ಸಂಪಿನ ಮಟ್ಟ ಇಳಿದ ಕೂಡಲೇ ಆ ಸ್ವಾಮಿನಿಷ್ಠ ಯಂತ್ರ ನೀರು ಆವಿಯಾಯಿತೆಂದೇ ತಿಳಿದು ಸಿಹಿನೀರು ಬಿಡಲು ಶುರುಮಾಡುತ್ತದೆ. ಹತ್ತೇ ಲೀಟರ್ ಒಳಸೇರಿದರೂ ಸಾಕು, ಅಷ್ಟು ಕಷ್ಟಪಟ್ಟು ಹೊಂದಿಸಿದ 35 ಸದ್ದಿಲ್ಲದೆ 33.6 ಆಗಿರುತ್ತದೆ.

ಪೈಪು ಇಳಿಬಿಟ್ಟು ನೀರು ಹರಿಯಬಿಟ್ಟಾಗ ತೊಟ್ಟಿಯಲ್ಲಿ ಇಳಿತ ಶುರು. ಬಂಡೆಯ ಮೇಲ್ತುದಿಯ ಬಟನ್ ಹವಳಗಳು ಒಂದೊಂದಾಗಿ ಕಣ್ಣು ಮುಚ್ಚಿಕೊಳ್ಳುತ್ತವೆ. ಲೆದರ್ ಕೋರಲ್ ತನ್ನ ಸಾವಿರ ಬೆರಳುಗಳನ್ನು ಎಳೆದುಕೊಂಡು ಒದ್ದೆ ಚಪಾತಿ ಹಿಟ್ಟಿನ ಮುದ್ದೆಯಾಗುತ್ತದೆ, ಬಂಡೆಯಿಂದ ಹನಿ ಜಾರುವ ಸದ್ದು ಕೇಳುತ್ತದೆ. ನೋಡುವವರಿಗೆ ಗಾಬರಿ. ಆದರೆ ಕಡಲಲ್ಲಿ ಉಬ್ಬರವಿಳಿತದ ನಡುವೆ ಬದುಕುವ ಎಷ್ಟೋ ಹವಳಗಳಿಗೆ ಹದಿನೈದು ಇಪ್ಪತ್ತು ನಿಮಿಷ ಗಾಳಿ ಹೊಸದಲ್ಲ. ಆಗದಿರುವುದು ಸ್ಪಂಜಿಗೆ, ಅದರ ರಂಧ್ರಗಳಲ್ಲಿ ಗಾಳಿ ಸಿಕ್ಕಿಕೊಂಡರೆ ಒಳಗಿಂದ ಕೊಳೆಯುತ್ತದೆ. ಉಬ್ಬಿ ತೂಗುವ ದಪ್ಪ ಮಾಂಸಲ ಹವಳಗಳೂ ನೀರಿನ ಆಸರೆ ತಪ್ಪಿದರೆ ತಮ್ಮ ಭಾರಕ್ಕೇ ಹರಿಯುತ್ತವೆ, ಅವನ್ನು ಕೆಳಗಿನ ಸಾಲಿನಲ್ಲಿಡುವುದು ಜಾಣತನ. ಫ್ಯಾನು ಆರಿಸಬೇಕು, ಮೇ ತಿಂಗಳ ಲೂ ಗಾಳಿಯಿದ್ದರೆ ಕಿಟಕಿಯನ್ನೂ ಮುಚ್ಚಬೇಕು. ವರ್ಷಗಟ್ಟಲೆ ಕದಡದ ದಪ್ಪ ಮರಳುಹಾಸನ್ನು ಈ ದಿನವೇ ತೊಳೆದು ಬಿಡೋಣ ಎಂಬ ಉತ್ಸಾಹ ಬೇಡ. ಆಮ್ಲಜನಕವಿಲ್ಲದ ತಳದಲ್ಲಿ ಹೈಡ್ರೋಜನ್ ಸಲ್ಫೈಡ್ ಇರಬಹುದು, ಕೊಳೆತ ಮೊಟ್ಟೆಯ ವಾಸನೆ ಬಂದಾಗ ತಡವಾಗಿರುತ್ತದೆ.

ತುಂಬುವಾಗ ಅವಸರ ಬೇಡ. ಡ್ರಮ್ಮಿನ ಪಂಪಿನಿಂದ ಸಣ್ಣ ಧಾರೆಯಲ್ಲಿ, ಹವಳದ ಮೇಲೆ ನೇರ ಬೀಳದಂತೆ ತುಂಬಿದರೆ ಒಳ್ಳೆಯದು. ಮೇಲೆತ್ತುವ ಪಂಪು ನಿಂತಾಗ ಸಂಪಿನಲ್ಲಿ ನೀರು ಎಲ್ಲಿಯವರೆಗೆ ಏರುತ್ತದೆಂದು ಮೊದಲೇ ಗೆರೆ ಹಾಕಿಟ್ಟವರ ಮನೆಯ ನೆಲ ಒಣಗಿರುತ್ತದೆ. 125 ಲೀಟರ್ ಕಡಲನೀರಿನ ತೂಕ 128 ಕಿಲೋ, ಬಕೆಟ್ ಹೊತ್ತು ಓಡಾಡಿದರೆ ಬೆನ್ನಿಗೂ ನೆಲಕ್ಕೂ ಕಷ್ಟ. ಉಪ್ಪುನೀರು ವಿದ್ಯುತ್ತಿಗೆ ಹೆದ್ದಾರಿ. ತೊಟ್ಟಿಯ ಸಾಲಿಗೆ, ಸೋರಿಕೆ ಕಂಡರೆ ಕರೆಂಟು ಕಡಿಯುವ ಇಎಲ್‌ಸಿಬಿ ಇಲ್ಲದೆ ನೀರಿನಲ್ಲಿ ಕೈಯಿಡುವುದು ಹವ್ಯಾಸವಲ್ಲ, ಜೂಜು.

ಕೆಲವು ದಿನ ಮಾತ್ರ ಇಷ್ಟು ಸಾವಧಾನ ಇರುವುದಿಲ್ಲ. ಆಗಸ್ಟ್‌ನಿಂದ ನವೆಂಬರ್‌ವರೆಗೆ ಗಲ್ಲಿಗಳಲ್ಲಿ ಸೊಳ್ಳೆಗೆ ಹೊಗೆ ಹಾಕುವ ಯಂತ್ರ ಸುತ್ತುತ್ತದೆ. ಇಂಥ ಹೊಗೆಯಲ್ಲೂ ಮನೆಯ ಸೊಳ್ಳೆನಾಶಕಗಳಲ್ಲೂ ಬಳಸುವ ಪೈರೆಥ್ರಾಯ್ಡ್‌ಗಳು ಸೀಗಡಿ, ಏಡಿ, ಮೀನುಗಳಿಗೆ ಘೋರ ವಿಷ. ತೆರೆದ ಕಿಟಕಿಯ ಬಳಿ ಗಾಳಿ ಪಂಪು ಚಾಲೂ ಇದ್ದರೆ ಆ ಹೊಗೆಯನ್ನು ನೇರ ನೀರಿಗೇ ಊದಿಕೊಡುತ್ತದೆ. ಅಂಥ ಸಂಜೆ, ಸೀಗಡಿ ಬೆನ್ನಡಿಯಾಗಿ ಒದ್ದಾಡುವುದು ಕಂಡಾಗ, ಅರ್ಧವೋ ಅದಕ್ಕೂ ಹೆಚ್ಚೋ ನೀರು ಬದಲಿಸಿ ಇದ್ದಿಲು ಹಾಕುವುದೊಂದೇ ದಾರಿ. ತೊಟ್ಟಿಯ ಅರ್ಧದಷ್ಟು ಉಪ್ಪುನೀರನ್ನು ಸದಾ ಬೆರೆಸಿ ಮುಚ್ಚಿಟ್ಟಿರುವವರು ಉಳಿಯುವುದು ಇಲ್ಲೇ.

ತುರ್ತಿನಲ್ಲೂ ಒಂದು ಬಲೆಯಿದೆ. ದೀರ್ಘ ವಿದ್ಯುತ್ ಕಡಿತದ ನಂತರ ತೊಟ್ಟಿಯಲ್ಲಿ ಅಮೋನಿಯಾ ಏರಿ, ಪಿಎಚ್ 7.8ಕ್ಕೆ ಇಳಿದಿರುತ್ತದೆ ಎನ್ನಿ. ತಗ್ಗಿದ ಪಿಎಚ್ ಅಮೋನಿಯಾದ ವಿಷವನ್ನು ಒಂದಿಷ್ಟು ಕಟ್ಟಿಹಾಕಿರುತ್ತದೆ. ಚೂರುಪಾರು ಹೊಸ ನೀರು ಹಾಕಿ ಪಿಎಚ್ಚನ್ನು ಮಾತ್ರ 8.2ಕ್ಕೆ ಏರಿಸಿದರೆ ವಿಷರೂಪದ ಪಾಲು ಎರಡೂವರೆ ಪಟ್ಟಿನ ಹತ್ತಿರಕ್ಕೆ ಹೋಗುತ್ತದೆ. ಇಂಥಲ್ಲಿ ಬದಲಿಸಿದರೆ ಧಾರಾಳವಾಗಿಯೇ ಬದಲಿಸಬೇಕು, ಜೊತೆಗೆ ಅಮೋನಿಯಾ ಬಂಧಿಸುವ ಔಷಧಿಯೂ ಬೇಕು.

ನವೆಂಬರಿನ ಹೊಗೆಮಂಜು ಇನ್ನೊಂದು ಬಗೆಯಲ್ಲಿ ಕಾಡುತ್ತದೆ. ಕಿಟಕಿ ಜಡಿದು ಏರ್ ಪ್ಯೂರಿಫೈಯರ್ ಹಾಕಿ ಕೂತ ಮನೆಯಲ್ಲಿ ಧೂಳು ಹೋಗುತ್ತದೆ, ಇಂಗಾಲದ ಡೈಆಕ್ಸೈಡ್ ಹೋಗುವುದಿಲ್ಲ. ಹೊರಗೆ 420ರ ಆಸುಪಾಸು ಇರುವುದು ನಾಲ್ವರು ಮಲಗಿದ ಕೋಣೆಯಲ್ಲಿ ಸಾವಿರ ಪಿಪಿಎಂ ದಾಟುತ್ತದೆ. ಅದು ನೀರಿನಲ್ಲಿ ಕರಗಿ ತೊಟ್ಟಿಯ ಪಿಎಚ್ಚನ್ನೂ ಡ್ರಮ್ಮಿನ ಪಿಎಚ್ಚನ್ನೂ ಒಟ್ಟಿಗೇ ಕೆಳಗೆಳೆಯುತ್ತದೆ. ಪಿಎಚ್ ಏರಿಸಲು ಬಫರ್ ಪುಡಿ ಸುರಿಯುವುದು ರೋಗ ಒಂದು, ಮದ್ದು ಇನ್ನೊಂದು. ಏರುವುದು ಕ್ಷಾರೀಯತೆ, ಕೋಣೆಯ ಗಾಳಿ ಹಾಗೇ ಇರುತ್ತದೆ.

ಎಲ್ಲ ರೋಗಕ್ಕೂ ದೊಡ್ಡ ಬದಲಾವಣೆಯೇ ಔಷಧಿ ಎಂಬ ನಂಬಿಕೆಯೂ ಅಷ್ಟೇ ಪೊಳ್ಳು. ಪಾಚಿ ಕಟ್ಟಿದ ತೊಟ್ಟಿಯಲ್ಲಿ ಫಾಸ್ಫೇಟ್ ಇರುವುದು ನೀರಿಗಿಂತ ಹೆಚ್ಚಾಗಿ ಸುಣ್ಣದ ಬಂಡೆಯ ಮೈಯಲ್ಲಿ. ನೀರು ಬದಲಿಸಿದ ದಿನ ಅಂಕಿ ಇಳಿಯುತ್ತದೆ, ವಾರದೊಳಗೆ ಬಂಡೆ ಅದನ್ನು ಬಿಟ್ಟುಕೊಟ್ಟು ಮತ್ತೆ ಏರಿಸುತ್ತದೆ. ವರ್ಷಗಟ್ಟಲೆ ಕಡೆಗಣಿಸಿದ ತೊಟ್ಟಿಯೂ ಹಾಗೆಯೇ. ಅಲ್ಲಿ ಬದುಕಿ ಉಳಿದ ಜೀವಿಗಳು ಆ ಕೆಟ್ಟ ನೀರಿಗೇ ಒಗ್ಗಿಹೋಗಿರುತ್ತವೆ. ಅಂಥಲ್ಲಿ ಹದಿನೈದು ಶೇಕಡಾದಂತೆ ಹಲವು ಸಲ ಹೋಗುವುದೇ ಲೇಸು, ಉಪ್ಪಿನ ಖರ್ಚು ಹೆಚ್ಚಾದರೂ ಸರಿ.

ಇಷ್ಟೆಲ್ಲ ಜೋಪಾನ ಮಾಡುವ ಹವಳ ಎಲ್ಲಿಂದ ಬಂತು ಎಂಬ ಪ್ರಶ್ನೆ ಬಿಟ್ಟುಬಿಡುವಂಥದ್ದಲ್ಲ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತಲಿನದಾಗಲಿ, ಲಕ್ಷದ್ವೀಪದ್ದಾಗಲಿ, ದಿಬ್ಬ ಕಟ್ಟುವ ಎಲ್ಲ ಕಲ್ಲುಹವಳಗಳೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿ ಹುಲಿ, ಆನೆಗಳ ಪಂಕ್ತಿಯಲ್ಲೇ ಕೂತಿವೆ. ತುಂಡೊಂದನ್ನು ತಂದರೂ ಜೈಲು. ಹೊರದೇಶದ ಕಲ್ಲುಹವಳಕ್ಕೂ ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಕಾಗದಪತ್ರ ಬೇಕು. ಬಿಲ್ಲು ಕೇಳಿದರೆ ಮುಖ ತಿರುಗಿಸುವ ಅಂಗಡಿಯಿಂದ ಬರಿಗೈಯಲ್ಲಿ ಬರುವುದೇ ಕ್ಷೇಮ.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿದಿದೆ. ಮೇಲೆತ್ತುವ ಪಂಪು ಮೊದಲು ಗಾಳಿ ಕೆಮ್ಮಿ, ಆಮೇಲೆ ನೀರು ಹಿಡಿದಿದೆ. ಹೀಟರಿನ ಕೆಂಪು ದೀಪ ಹತ್ತಿದೆ. ಹಳೆಯ 125 ಲೀಟರನ್ನು ಗಿಡಕ್ಕೆ ಹಾಕುವಂತಿಲ್ಲ, ತುಳಸಿ ಸತ್ತೀತು. ಅದು ಬಚ್ಚಲಿನ ಜಾಲರಿಯಲ್ಲಿ ನೊರೆಯೆಬ್ಬಿಸುತ್ತ ಇಳಿದುಹೋಗುತ್ತದೆ. ಅಲ್ಲಿಂದ ಒಳಚರಂಡಿ, ಅಲ್ಲಿಂದ ನಾಲೆ, ವಜೀರಾಬಾದಿನ ಕೆಳಗೆ ಯಮುನೆ, ಪ್ರಯಾಗದಲ್ಲಿ ಗಂಗೆ, ಕಡೆಗೊಂದು ದಿನ ಬಂಗಾಳಕೊಲ್ಲಿ. ಲೆದರ್ ಕೋರಲ್ ಮಾತ್ರ ಇನ್ನೂ ಮುದುಡಿಕೊಂಡೇ ಇದೆ. ಅದು ಬಿಚ್ಚಿಕೊಳ್ಳಲು ಒಂದು ದಿನ ತೆಗೆದುಕೊಳ್ಳುವುದುಂಟು, ಎರಡೂ ಆಗಬಹುದು. ಯಜಮಾನ ಒದ್ದೆ ತೋಳು ಒರೆಸಿಕೊಳ್ಳುತ್ತ ಸ್ವಿಚ್ ಬೋರ್ಡಿನ ಬಳಿ ಹೋಗಿ, ಆಟೋ ಟಾಪ್-ಆಫನ್ನು ಮತ್ತೆ ಹಾಕಿದೆನೋ ಇಲ್ಲವೋ ಎಂದು ಇನ್ನೊಮ್ಮೆ ನೋಡುತ್ತಾನೆ.